ಪಹಣಿಯಲ್ಲಿ ಹೆಸರಿರುವವರಿಗೆ

ವಸಂತ್ ಕುಂಜ್, ಹೊಸದೆಹಲಿ

ಊರಿನಲ್ಲಿ ಹೊಲ ಉಳಿಸಿಕೊಂಡು ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ,

ತಂದೆತಾಯಿಯಿಂದ ಬಂದ ಎರಡೋ ನಾಲ್ಕೋ ಹತ್ತೋ ಎಕರೆಯನ್ನು ಮಾರದೆ ಇಟ್ಟುಕೊಂಡು, ಅದನ್ನು ಊರಿನವರೊಬ್ಬರಿಗೆ ವಾರಕ್ಕೋ ಕೋರಿಗೋ ಗುತ್ತಿಗೆಗೋ ಲಾವಣಿಗೋ ಕೊಟ್ಟು ಇಲ್ಲಿಗೆ ಬಂದವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ವಸಂತ್ ಕುಂಜ್, ಆರ್.ಕೆ. ಪುರಂ, ದ್ವಾರಕಾ, ಮಯೂರ್ ವಿಹಾರ್, ಆಚೆ ನೋಯ್ಡಾ, ಗುರುಗ್ರಾಮ, ಎಲ್ಲಿ ನಾಲ್ಕು ಕನ್ನಡದ ಮನೆಗಳಿವೆಯೋ ಅಲ್ಲಿ ಒಂದು ಮನೆಯಲ್ಲಾದರೂ ಊರಿನ ಹೊಲದ ಮಾತು ಬರುತ್ತದೆ. ಈ ಪತ್ರ ಆ ಮನೆಗಳಿಗೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಯುಗಾದಿ ಹೊತ್ತಿಗೆ ಗುತ್ತಿಗೆ ಮುಂದುವರಿಸುವ ಮಾತು ಬರುತ್ತದಲ್ಲ, ಆಗ ಹಣದ ಮಾತಿಗೆ ಮುಂಚೆ ಮಣ್ಣಿನ ಮಾತು ಆಡಿ. ಹೊಲದ ಮಣ್ಣು ಪರೀಕ್ಷೆ ಮಾಡಿಸಿ, ಅದರ ಖರ್ಚನ್ನು ನೀವೇ ಕೊಡಿ. ಪರೀಕ್ಷೆಯಲ್ಲಿ ಬಂದ ಕೊರತೆಯನ್ನು ತುಂಬುವ ಕೆಲಸದಲ್ಲಿ ದೊಡ್ಡ ಪಾಲು ನೀವೇ ಹೊರಿ. ಹೊಲ ಮಾಡುವವರಿಗೆ ಐದು ವರ್ಷ ಬಿಡಿಸುವುದಿಲ್ಲ ಎಂದು ಮಾತು ಕೊಡಿ. ಈ ನಾಲ್ಕೂ ಒಟ್ಟಿಗೆ ಆಗಬೇಕು. ಮೊದಲನೆಯದೊಂದನ್ನೇ ಮಾಡಿ ಬಿಟ್ಟರೆ ಕಾಗದ ಬರುತ್ತದೆ, ಮಣ್ಣು ಇದ್ದ ಹಾಗೇ ಇರುತ್ತದೆ.

ಪಹಣಿಯನ್ನು ಈಗ ನಾವು ಮೊಬೈಲಿನಲ್ಲೇ ತೆಗೆದು ನೋಡುತ್ತೇವೆ. ಹೆಸರು ಸರಿಯಿದೆಯೇ, ಎಕರೆ ಗುಂಟೆ ಸರಿಯಿದೆಯೇ, ಹಕ್ಕಿನ ಕಲಮಿನಲ್ಲಿ ಹೊಸದೇನಾದರೂ ಸೇರಿದೆಯೇ ಎಂದು ನೋಡಿ ಸಮಾಧಾನ ಪಡುತ್ತೇವೆ. ಅದೇ ಪಹಣಿಯಲ್ಲಿ ‘ಮಣ್ಣಿನ ನಮೂನೆ’ ಎಂಬ ಕಲಮೂ ಇದೆ. ಅದನ್ನು ಯಾರೂ ಓದುವುದಿಲ್ಲ. ಒಂದು ಕಾಲದಲ್ಲಿ ಸರ್ಕಾರಕ್ಕೆ ಅದೇ ಮುಖ್ಯವಾಗಿತ್ತು. 1830ರ ದಶಕದಲ್ಲಿ ಮುಂಬಯಿ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ರೂಪಿಸಿದ ಕಂದಾಯ ಸರ್ವೆ ಮುಂದೆ ಧಾರವಾಡ, ಬೆಳಗಾವಿ ಸೀಮೆಗೂ ಬಂತು, 1860ರ ದಶಕದಲ್ಲಿ ಮೈಸೂರು ಸೀಮೆಯೂ ಅದೇ ಬಗೆಯ ಸರ್ವೆಯನ್ನು ಹಿಡಿಯಿತು. ಸರ್ವೆಯವರು ಹೊಲ ಹೊಲದಲ್ಲೂ ಮಣ್ಣಿನ ಬಣ್ಣ ನೋಡಿದರು, ಆಳವನ್ನು ಮೊಳದ ಲೆಕ್ಕದಲ್ಲಿ ಅಳೆದರು, ಸುಣ್ಣಕಲ್ಲಿನ ಹರಳು, ಮರಳು, ಇಳಿಜಾರು, ನೀರು ನಿಲ್ಲುವ ದೋಷ ಇವಕ್ಕೆಲ್ಲ ಅಂಕ ಕಳೆದು ಆಣೆ ಲೆಕ್ಕದಲ್ಲಿ ದರ್ಜೆ ಕಟ್ಟಿದರು. ಕಂದಾಯ ವಸೂಲಿಗಾಗಿ ಮಾಡಿದ ಕೆಲಸ ಅದು, ನಿಜ. ಆದರೂ ಪ್ರತಿ ಹೊಲದ ಮಣ್ಣನ್ನು ಯಾರೋ ಒಬ್ಬರು ಬಗ್ಗಿ ಕೈಯಲ್ಲಿ ಹಿಡಿದು ನೋಡಿದ್ದರು. ಹೊಲದ ಒಡೆಯರಾದ ನಾವು ಅಷ್ಟನ್ನೂ ಮಾಡಿಲ್ಲ.

ಈಗ ಹೊಲ ಮಾಡುವವರ ವಿಚಾರ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಕರ್ನಾಟಕದಲ್ಲಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಸೈನಿಕರಂಥ ಕೆಲವರನ್ನು ಬಿಟ್ಟರೆ ಉಳಿದವರು ಸಾಗುವಳಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಲಕ್ಷಾಂತರ ಗೇಣಿದಾರರಿಗೆ ನೆಲ ಸಿಕ್ಕಿದ್ದು ಆ ಕಾನೂನಿನಿಂದ. ಅದು ಆಗಲೇಬೇಕಾಗಿದ್ದ ನ್ಯಾಯ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಆಮೇಲೆ ಊರು ಬಿಟ್ಟು ಬಂದ ನಮ್ಮಂಥವರ ಹೊಲಗಳು ಬಾಯಿಮಾತಿನ ಗುತ್ತಿಗೆಗೆ ಹೋದವು. ಕಾಗದ ಇಲ್ಲ, ಸಾಕ್ಷಿ ಇಲ್ಲ. ಒಬ್ಬರೇ ಬಹಳ ವರ್ಷ ಮಾಡಿದರೆ ನಾಳೆ ಹಕ್ಕು ಕೇಳಿಯಾರು ಎಂಬ ಭಯ ನಮಗೆ, ಬರುವ ವರ್ಷ ಹೊಲ ತಮ್ಮ ಕೈಲಿ ಇರುತ್ತದೋ ಇಲ್ಲವೋ ಎಂಬ ಭಯ ಅವರಿಗೆ. ಆ ಭಯದಲ್ಲೇ ಎರಡು ವರ್ಷಕ್ಕೊಮ್ಮೆ ಜನ ಬದಲಾಯಿಸುವವರನ್ನು ನಾನು ನೋಡಿದ್ದೇನೆ. ‘ಹಾಗೆ ಮಾಡಿದರೆ ಸುರಕ್ಷಿತ’ ಎಂದು ಹಿರಿಯರೇ ಬುದ್ಧಿ ಹೇಳುತ್ತಾರೆ.

ಹೊಲ ಮಾಡುವವರ ಜಾಗದಲ್ಲಿ ನಿಂತು ಯೋಚಿಸಿ. 45 ಕಿಲೋ ಯೂರಿಯಾ ಚೀಲಕ್ಕೆ 270 ರೂಪಾಯಿಯೂ ಇಲ್ಲ. ಹಾಕಿದ ವಾರದೊಳಗೆ ಪೈರು ಹಸಿರಾಗುತ್ತದೆ, ಫಸಲು ಇದೇ ವರ್ಷ ಕೈಗೆ ಬರುತ್ತದೆ. ಅದೇ ಕೊಟ್ಟಿಗೆ ಗೊಬ್ಬರವಾದರೆ ಟ್ರ್ಯಾಕ್ಟರ್ ಲೋಡಿಗೆ ಸಾವಿರಾರು ರೂಪಾಯಿ, ಜೊತೆಗೆ ಹರಡುವ ಕೂಲಿ. ಅದರ ಸತ್ವ ಮೊದಲ ವರ್ಷ ಸ್ವಲ್ಪ, ಎರಡನೆಯ ವರ್ಷ ಸ್ವಲ್ಪ, ಮೂರನೆಯ ವರ್ಷ ಸ್ವಲ್ಪ ಎಂದು ಬಿಡುತ್ತ ಬರುತ್ತದೆ. ಹುಳಿ ಮಣ್ಣಿಗೆ ಸುಣ್ಣ ಹಾಕಿದರೂ ಅಷ್ಟೇ, ಕೆರೆ ಗೋಡು ಹೊಡೆಸಿದರೂ ಅಷ್ಟೇ, ಬದು ಕಟ್ಟಿಸಿದರೆ ಇನ್ನೂ ನಿಧಾನ. ಮುಂದಿನ ಯುಗಾದಿಗೆ ಹೊಲ ಬಿಡಬೇಕಾಗಬಹುದಾದ ಮನುಷ್ಯ ಮೂರು ವರ್ಷಕ್ಕೆ ಫಲ ಕೊಡುವ ವಸ್ತುವನ್ನು ನಿಮ್ಮ ನೆಲಕ್ಕೆ ಏಕೆ ಸುರಿಯಬೇಕು? ಯಾವ ಬುದ್ಧಿವಂತರೂ ಸುರಿಯುವುದಿಲ್ಲ. ಹೀಗಾಗಿ ನಮ್ಮ ಹೊಲಗಳಿಗೆ ಯೂರಿಯಾ, ಡಿಎಪಿ ಬೀಳುತ್ತವೆ, ಉಳಿದದ್ದು ಏನೂ ಬೀಳುವುದಿಲ್ಲ. ‘ಅವನು ಗೊಬ್ಬರ ಹಾಕಿ ಹಾಕಿ ಭೂಮಿ ಕೆಡಿಸಿಬಿಟ್ಟ’ ಎಂದು ದೆಹಲಿಯಲ್ಲಿ ಕುಳಿತು ನಾವು ದೂರುತ್ತೇವೆ. ಕೆಡಿಸಿದ್ದು ನಮ್ಮ ಒಂದು ವರ್ಷದ ಮಾತು.

ಇದು ನಮ್ಮ ಊರಿಗಷ್ಟೇ ಸೇರಿದ ಸಂಗತಿಯೂ ಅಲ್ಲ. ಆಫ್ರಿಕದ ಘಾನಾ ದೇಶದ ಅಕ್ವಾಪಿಮ್ ಪ್ರದೇಶದಲ್ಲಿ ಗೋಲ್ಡ್‌ಸ್ಟೀನ್ ಮತ್ತು ಉದ್ರಿ ಎಂಬ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅಲ್ಲಿ ಹೊಲವನ್ನು ಕೆಲವು ವರ್ಷ ಬೀಳು ಬಿಟ್ಟರೆ ಮಾತ್ರ ಮಣ್ಣಿಗೆ ಸಾರ ಮರಳುತ್ತದೆ. ಬೀಳು ಬಿಟ್ಟ ಹೊಲವನ್ನು ಬೇರೆಯವರು ಕಿತ್ತುಕೊಂಡಾರು ಎಂಬ ಅಂಜಿಕೆ ಇದ್ದವರು, ಅವರಲ್ಲಿ ಹೆಂಗಸರೇ ಹೆಚ್ಚು, ಹೊಲವನ್ನು ಸಾಕಷ್ಟು ಕಾಲ ಬೀಳು ಬಿಡುತ್ತಿರಲಿಲ್ಲ. ಅವರ ಇಳುವರಿ ಕಡಿಮೆಯಾಗಿತ್ತು. ಊರಿನಲ್ಲಿ ಅಧಿಕಾರ ಇದ್ದವರು ಧೈರ್ಯವಾಗಿ ಬೀಳು ಬಿಟ್ಟರು, ಅವರ ಮಣ್ಣು ಚೆನ್ನಾಗಿತ್ತು. ನೆಲ ನಾಳೆಯೂ ತನ್ನ ಕೈಲಿರುತ್ತದೆ ಎಂಬ ನಂಬಿಕೆ ಎಷ್ಟಿದೆಯೋ ಅಷ್ಟೇ ಆರೈಕೆ ಮಣ್ಣಿಗೆ ಸಿಗುತ್ತದೆ.

ವಸಂತ್ ಕುಂಜ್‌ನ ದೆಹಲಿ ಅಭಿವೃದ್ಧಿ ಪ್ರಾಧಿಕಾರದ (ಡಿಡಿಎ) ಫ್ಲ್ಯಾಟುಗಳಲ್ಲಿ ಬಾಡಿಗೆಗೆ ಇದ್ದವರಿಗೆಲ್ಲ ಒಂದು ನಿಯಮ ಗೊತ್ತು. ಬಲ್ಬು ಹೋದರೆ ಬಾಡಿಗೆದಾರರು ಹಾಕಿಕೊಳ್ಳಬೇಕು, ಚಾವಣಿ ಸೋರಿದರೆ ಮಾಲೀಕರು ಮಾಡಿಸಬೇಕು. ಹೊಲಕ್ಕೂ ಈ ಲೆಕ್ಕವೇ ಸರಿ. ಬೀಜ, ಬಿತ್ತನೆಯ ಗೊಬ್ಬರ, ಔಷಧಿ ಇವು ಆ ವರ್ಷದ ಖರ್ಚು, ಹೊಲ ಮಾಡುವವರದು ಅಥವಾ ಇಬ್ಬರ ಪಾಲು. ಕೊಟ್ಟಿಗೆ ಗೊಬ್ಬರ, ಸುಣ್ಣ, ಜಿಪ್ಸಂ, ಕೆರೆ ಗೋಡು, ಕುರಿ ಮಂದೆ ಹಾಕಿಸುವುದು, ಬದು, ಬಸಿಗಾಲುವೆ ಇವು ನೆಲಕ್ಕೆ ಸೇರುವ ಖರ್ಚು. ನೆಲ ಯಾರದೋ ಅವರೇ ಕೊಡಬೇಕು.

ಯಾವುದಕ್ಕೆ ಎಷ್ಟು ಎಂದು ಗೊತ್ತಾಗಲಿಕ್ಕೇ ಪರೀಕ್ಷೆ ಬೇಕು. ಅದರ ಕಾಗದದಲ್ಲಿ ಹನ್ನೆರಡು ಅಂಶ ಇರುತ್ತವೆ. ಪಿಎಚ್ ಅಂದರೆ ಹುಳಿಯೋ ಕ್ಷಾರವೋ ಎಂಬುದು, ಲವಣದ ಮಟ್ಟ, ಸಾವಯವ ಇಂಗಾಲ, ಆಮೇಲೆ ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಕೊನೆಗೆ ಸತು, ಬೋರಾನ್, ಕಬ್ಬಿಣ, ಮ್ಯಾಂಗನೀಸ್, ತಾಮ್ರ. ಹನ್ನೆರಡನ್ನೂ ನೋಡಿ ಗಾಬರಿಯಾಗಬೇಕಿಲ್ಲ. ಕೆಲವನ್ನು ಓದುವ ಬಗೆ ತಿಳಿದರೆ ಸಾಕು.

ನಾನು ಮೊದಲು ನೋಡುವುದು ಸಾವಯವ ಇಂಗಾಲವನ್ನು. 0.5 ಶೇಕಡಕ್ಕಿಂತ ಕೆಳಗಿದ್ದರೆ ಕಡಿಮೆ, 0.75ರವರೆಗೆ ಮಧ್ಯಮ, ಅದಕ್ಕಿಂತ ಮೇಲಿದ್ದರೆ ಒಳ್ಳೆಯದು ಎಂದು ನಮ್ಮ ದೇಶದ ಪ್ರಯೋಗಾಲಯಗಳು ಬರೆಯುತ್ತವೆ. ಈ ಅಂಕಿ ಚಿಕ್ಕದಾಗಿ ಕಾಣುತ್ತದೆ, ಹಿಂದಿರುವ ತೂಕ ಚಿಕ್ಕದಲ್ಲ. ಒಂದು ಎಕರೆಯ ಮೇಲಿನ ಆರು ಇಂಚು ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದರಲ್ಲಿ 0.4 ಇದ್ದದ್ದು 0.5 ಆಗಬೇಕಾದರೆ 900 ಕಿಲೋ ಇಂಗಾಲ ಹೊಸದಾಗಿ ಸೇರಿ ಅಲ್ಲೇ ನಿಲ್ಲಬೇಕು. ಮಳೆಯಾಶ್ರಿತ ರಾಗಿಗೆ ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ ಎಂಬ ಶಿಫಾರಸು ಇದೆ. ಅಷ್ಟು ಗೊಬ್ಬರದಲ್ಲಿ ನೀರು, ಮಣ್ಣು ಕಳೆದರೆ ಉಳಿಯುವ ಇಂಗಾಲ ಕೆಲವು ನೂರು ಕಿಲೋ. ನಮ್ಮ ಬಿಸಿಲಿಗೆ ಅದರ ಬಹುಪಾಲು ಒಂದೆರಡು ವರ್ಷದಲ್ಲೇ ಕರಗಿ ಗಾಳಿಗೆ ಹೋಗುತ್ತದೆ. ಅಂದಮೇಲೆ ಒಂದು ದಶಾಂಶ ಏರಿಸಲು ವರ್ಷ ವರ್ಷ ಬಿಡದೆ ಹಾಕುತ್ತ ಹೋಗಬೇಕು. ಐದು ವರ್ಷದ ಮಾತು ಕೊಡಿ ಎಂದು ನಾನು ಕೇಳುತ್ತಿರುವುದು ಈ ಲೆಕ್ಕದಿಂದ.

ಒಮ್ಮೆ ಸೇರಿದ ಸಾರ ಎಷ್ಟು ಕಾಲ ಉಳಿಯಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಒಂದು ತಾಕು ಇದೆ. 1852ರಿಂದ 1871ರವರೆಗೆ ಅದಕ್ಕೆ ಪ್ರತಿವರ್ಷ ಕೊಟ್ಟಿಗೆ ಗೊಬ್ಬರ ಹಾಕಿ ಆಮೇಲೆ ನಿಲ್ಲಿಸಿದರು. ನೂರು ವರ್ಷ ಕಳೆದ ಮೇಲೂ ಪಕ್ಕದ ತಾಕಿಗಿಂತ ಅದರಲ್ಲಿ ಸಾವಯವ ಅಂಶ ಹೆಚ್ಚಿತ್ತು. ಅಲ್ಲಿಯದು ಚಳಿಯ ನಾಡು, ಗೊಬ್ಬರವೂ ಅಪಾರ ಹಾಕಿದ್ದರು. ನಮ್ಮಲ್ಲಿ ಅಷ್ಟು ಉಳಿಯುವುದಿಲ್ಲ. ನಮ್ಮದೇ ಸಾಕ್ಷಿ ಬೇಕಾದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೆಂಪು ಮಣ್ಣಿನ ಮೇಲೆ ರಾಗಿ, ಮುಸುಕಿನ ಜೋಳ ಬೆಳೆಯುತ್ತ ದಶಕಗಳಿಂದ ನಡೆಸಿಕೊಂಡು ಬಂದಿರುವ ದೀರ್ಘಾವಧಿ ಪ್ರಯೋಗ ಇದೆ. ಬರಿಯ ಸಾರಜನಕ ಕೊಟ್ಟ ತಾಕುಗಳಲ್ಲಿ ಮಣ್ಣು ಹುಳಿಯಾಗಿ ಇಳುವರಿ ಕುಸಿಯಿತು. ರಸಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರ ಮತ್ತು ಸುಣ್ಣ ಕಂಡ ತಾಕುಗಳು ಗಟ್ಟಿಯಾಗಿ ನಿಂತವು. ಗುತ್ತಿಗೆಯ ಹೊಲಗಳಿಗೆ ನಾವು ಮಾಡಿಸುತ್ತಿರುವುದು ಆ ಮೊದಲನೆಯ ತಾಕಿನ ಬೇಸಾಯ.

ರಂಜಕದ್ದು ಬೇರೆ ಕಥೆ. ವರ್ಷ ವರ್ಷ ಡಿಎಪಿ ಬಿದ್ದ ಹೊಲಗಳಲ್ಲಿ ರಂಜಕ ‘ಹೆಚ್ಚು’ ಎಂದು ಬರುವುದು ಅಪರೂಪವಲ್ಲ. ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದುಕೊಳ್ಳುತ್ತವೆ, ಎರೆ ಮಣ್ಣಿನಲ್ಲಿ ಸುಣ್ಣದಂಶ ಹಿಡಿದುಕೊಳ್ಳುತ್ತದೆ. ಹೆಚ್ಚಿದೆ ಎಂದು ಬಂದರೆ ಆ ವರ್ಷ ಡಿಎಪಿ ಇಳಿಸಿ, ಉಳಿದ ಹಣದಲ್ಲಿ ನಿಜವಾಗಿ ಇಲ್ಲದ್ದನ್ನು ತರಬಹುದು. ಶೇಂಗಾ ಹೊಲವಾದರೆ ಡಿಎಪಿ ಬದಲು ಸೂಪರ್ ಫಾಸ್ಫೇಟ್ ಹಾಕಿದರೂ ಸಾಕು, ರಂಜಕದ ಜೊತೆ ಗಂಧಕವೂ ಸುಣ್ಣದಂಶವೂ ಸಿಗುತ್ತವೆ. ಚಳ್ಳಕೆರೆ, ಪಾವಗಡದ ಕಡೆಯವರು ಈ ಸಾಲನ್ನು ಎರಡು ಸಲ ಓದಿ ಎಂದು ಕೇಳಿಕೊಳ್ಳುತ್ತೇನೆ.

‘ನಮ್ಮ ಹೊಲಕ್ಕೆ ಮಣ್ಣು ಆರೋಗ್ಯ ಚೀಟಿ ಆಗಲೇ ಬಂದಿದೆ’ ಎಂದು ಕೆಲವರು ಹೇಳುತ್ತೀರಿ. ಸಂತೋಷ. 2015ರ ಫೆಬ್ರುವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಆರಂಭವಾದ ಆ ಯೋಜನೆ ದೊಡ್ಡ ಕೆಲಸವೇ. ಆದರೆ ಚೀಟಿಯ ಅಂಕಿ ನಿಮ್ಮ ಹೊಲದ್ದೇ ಎಂದು ತಿಳಿಯಬೇಡಿ. ಯೋಜನೆಯ ಲೆಕ್ಕದಲ್ಲಿ ಮಳೆಯಾಶ್ರಿತ ಭೂಮಿಗೆ 10 ಹೆಕ್ಟೇರಿಗೆ ಒಂದು ಮಾದರಿ, ನೀರಾವರಿಗೆ ಎರಡೂವರೆ ಹೆಕ್ಟೇರಿಗೆ ಒಂದು. ಹತ್ತು ಹೆಕ್ಟೇರು ಅಂದರೆ ಸುಮಾರು 25 ಎಕರೆ. ಆ ಚೌಕದೊಳಗೆ ಬಂದ ರೈತರಿಗೆಲ್ಲ ಅದೇ ಅಂಕಿ. ನಮ್ಮ ಬಯಲುಸೀಮೆಯಲ್ಲಿ ದಿಣ್ಣೆಯ ಮೇಲೆ ಕಲ್ಲು ಮಿಶ್ರಿತ ಮಸಾರಿ, ಮಧ್ಯದಲ್ಲಿ ಕೆಂಪು ಜೇಡಿ, ತಗ್ಗಿನಲ್ಲಿ ಎರೆ, ಇವೆಲ್ಲ ಒಂದೇ ಹಿಡುವಳಿಯ ಐದು ಎಕರೆಯಲ್ಲಿ ಇರುತ್ತವೆ. ಇಷ್ಟು ಬಗೆಯನ್ನು ಒಂದು ಚೀಟಿ ಹೇಳಲಾರದು. ಸ್ವಂತ ಮಾದರಿ ತೆಗೆಸಿ. ದಿಣ್ಣೆಗೆ ಒಂದು, ತಗ್ಗಿಗೆ ಒಂದು.

ಯುಗಾದಿಗೋ ಬೇಸಿಗೆ ರಜೆಗೋ ಊರಿಗೆ ಹೋಗುವ ಕಾಲವೇ ಮಾದರಿ ತೆಗೆಯಲು ತಕ್ಕ ಕಾಲ. ಹಿಂದಿನ ಪೈರು ಮುಗಿದಿರಬೇಕು, ಹೊಸ ಗೊಬ್ಬರ ಬಿದ್ದಿರಬಾರದು. ಹೊಲ ಮಾಡುವವರನ್ನು ಬಿಟ್ಟು ಒಬ್ಬರೇ ಹೋಗಬೇಡಿ, ದಯವಿಟ್ಟು. ಎಲ್ಲಿ ಪೈರು ಸೊರಗುತ್ತದೆ, ಎಲ್ಲಿ ನೀರು ನಿಲ್ಲುತ್ತದೆ, ಹಿಂದೆ ತಿಪ್ಪೆ ಎಲ್ಲಿತ್ತು ಎಂಬುದು ಅವರಿಗೆ ಗೊತ್ತು, ನಮಗೆ ಮರೆತಿದೆ. ಬದುವಿನ ಪಕ್ಕ, ಮರದ ಬುಡ, ತಿಪ್ಪೆಯ ಜಾಗ, ಕಾಲುವೆಯ ಅಂಚು ಬಿಟ್ಟು ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ ಹತ್ತು ಹದಿನೈದು ಕಡೆ ಆರು ಇಂಚು ಆಳದ ಕುಳಿ ತೋಡಿ. ಕುಳಿ ಮೇಲೆ ಅಗಲ, ಕೆಳಗೆ ಚೂಪು ಇರಲಿ. ಮೇಲಿನ ಕಸಕಡ್ಡಿ ಸರಿಸಿ, ಕುಳಿಯ ಒಂದು ಪಕ್ಕದಿಂದ ಮೇಲಿಂದ ಕೆಳತನಕ ಒಂದು ಇಂಚು ದಪ್ಪ ಮಣ್ಣು ಕೆರೆದು ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ. ಸತು, ಕಬ್ಬಿಣ ಅಳೆಯಬೇಕಾದ್ದರಿಂದ ಗುದ್ದಲಿ ತಾಗಿದ ಪದರವನ್ನು ಬಿದಿರಿನ ಚಕ್ಕೆಯಿಂದ ತೆಗೆದುಹಾಕಿ, ಆಮೇಲೆ ಮಣ್ಣು ಕೆರೆಯಿರಿ. ಎಲ್ಲವನ್ನೂ ಕಲಸಿ, ಬಟ್ಟೆಯ ಮೇಲೆ ಹರಡಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಡಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ತುಂಬಿ. ಹಳೆಯ ಯೂರಿಯಾ ಚೀಲವನ್ನು ಮಾತ್ರ ಮುಟ್ಟಬೇಡಿ, ಅದರ ಪುಡಿಯೇ ಅಂಕಿಯನ್ನು ಕೆಡಿಸುತ್ತದೆ. ಚೀಲದ ಜೊತೆ ಇಡುವ ಚೀಟಿಯಲ್ಲಿ ಸರ್ವೆ ನಂಬರು, ಹಿಂದಿನ ಬೆಳೆ, ಮುಂದೆ ಹಾಕುವ ಬೆಳೆ, ನೀರಾವರಿಯೋ ಮಳೆಯಾಶ್ರಿತವೋ ಎಂದು ಬರೆಯಿರಿ. ಅಡಿಕೆ, ತೆಂಗು, ಮಾವಿನ ತೋಟವಾದರೆ ಆಳವೇ ಬೇರೆ, ಮೇಲಿನ ಒಂದು ಅಡಿ ಒಂದು ಮಾದರಿ, ಅದರ ಕೆಳಗಿನ ಒಂದು ಅಡಿ ಇನ್ನೊಂದು.

ಇಷ್ಟನ್ನೂ ಮಾಡಿ ಆ ಚೀಲವನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ದೆಹಲಿಗೆ ತಂದು ಪೂಸಾದಲ್ಲಿ ಕೊಡಬಹುದೇ ಎಂದು ಕೇಳಿದವರಿದ್ದಾರೆ. ಪ್ರಶ್ನೆ ಸಹಜವೇ. ನಮ್ಮಿಂದ ಅರ್ಧ ಮುಕ್ಕಾಲು ಗಂಟೆ ದೂರದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಮಣ್ಣು ಪರೀಕ್ಷೆಯ ತವರು. 1905ರಲ್ಲಿ ಬಿಹಾರದ ಪೂಸಾದಲ್ಲಿ ಶುರುವಾಗಿ, 1934ರ ಭೂಕಂಪದಲ್ಲಿ ಕಟ್ಟಡ ಕುಸಿದ ಮೇಲೆ 1936ರಲ್ಲಿ ಹೆಸರಿನ ಸಮೇತ ದೆಹಲಿಗೆ ಬಂದ ಸಂಸ್ಥೆ ಅದು. ಮಣ್ಣಿನಲ್ಲಿ ಪೈರಿಗೆ ಸಿಗುವ ಸಾರಜನಕ ಅಳೆಯಲು ದೇಶದ ಪ್ರಯೋಗಾಲಯಗಳು ಇಂದಿಗೂ ಬಳಸುವುದು ಅಲ್ಲಿಯ ವಿಜ್ಞಾನಿಗಳಾದ ಸುಬ್ಬಯ್ಯ ಮತ್ತು ಅಸೀಜಾ 1956ರಲ್ಲಿ ಪ್ರಕಟಿಸಿದ ವಿಧಾನವನ್ನು. ಇಷ್ಟು ಇಳುವರಿ ಬೇಕಾದರೆ, ಮಣ್ಣಿನಲ್ಲಿ ಇಷ್ಟು ಇದ್ದರೆ, ಇಷ್ಟು ಗೊಬ್ಬರ ಎಂಬ ಲೆಕ್ಕವನ್ನು 1960ರ ದಶಕದಲ್ಲಿ ಕಟ್ಟಿಕೊಟ್ಟವರು ಅಲ್ಲಿಯವರೇ ಆದ ರಾಮಮೂರ್ತಿ ಮತ್ತು ಅವರ ಸಂಗಡಿಗರು. ಆದರೂ ನಿಮ್ಮ ಚೀಲ ಊರಲ್ಲೇ ಇರಲಿ. ಆ ಲೆಕ್ಕದ ಸೂತ್ರಗಳು ಆಯಾ ಸೀಮೆಯ ಮಣ್ಣಿಗೆ, ಬೆಳೆಗೆ ತಕ್ಕಂತೆ ಬೇರೆ ಬೇರೆ. ಹುಳಿ ಮಣ್ಣಿನ ರಂಜಕ ಅಳೆಯುವ ದ್ರಾವಣವೇ ಒಂದು, ಎರೆ ಮಣ್ಣಿನದ್ದು ಇನ್ನೊಂದು. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಕೃಷಿ ಇಲಾಖೆಯ ಪ್ರಯೋಗಾಲಯ, ಇಲ್ಲವೆ ಧಾರವಾಡ, ರಾಯಚೂರು, ಬೆಂಗಳೂರು, ಶಿವಮೊಗ್ಗದ ವಿಶ್ವವಿದ್ಯಾಲಯಗಳಿಗೆ ಆ ನೆಲ ಗೊತ್ತು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಎಲ್ಲಿಗೆ ಕೊಡಬೇಕೆಂದು ಹೇಳುತ್ತಾರೆ. ಖರ್ಚು ಕೆಲವು ನೂರು ರೂಪಾಯಿ. ಇದರಲ್ಲಿ ನಮ್ಮ ನಾಡು ಪೂಸಾಕ್ಕಿಂತ ಹಿರಿದು ಎಂಬುದನ್ನೂ ನೆನೆಯಬೇಕು. 1899ರಲ್ಲಿ ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟರು. ಲೆಹ್ಮನ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿ ಮಣ್ಣು ಮತ್ತು ಬೆಳೆಯ ಸಂಬಂಧದ ಅಧ್ಯಯನ ಹಿಡಿದರು. ಇಂದಿನ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೇರು ಇರುವುದು ಆ ಹೆಬ್ಬಾಳದಲ್ಲಿ.

ಪರೀಕ್ಷೆಯ ಕಾಗದ ಹೊಲದಲ್ಲಿ ಕೆಲಸವಾಗಿ ಬದಲಾದ ಉದಾಹರಣೆಯೂ ಕರ್ನಾಟಕದ್ದೇ. 2009ರಲ್ಲಿ ಕೃಷಿ ಇಲಾಖೆ ಮತ್ತು ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಸೇರಿ ‘ಭೂಚೇತನ’ ಶುರುಮಾಡಿದವು. ಸುಹಾಸ್ ವಾಣಿ ಅದರ ಮುಂದಾಳು. ಮೊದಲ ವರ್ಷ ಹಾವೇರಿ, ಧಾರವಾಡ, ಚಿತ್ರದುರ್ಗ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ. ಆಮೇಲೆ ರಾಜ್ಯದ ಎಲ್ಲ ಜಿಲ್ಲೆಗಳು. ಮಣ್ಣು ತೆಗೆದದ್ದು ಕಣ್ಣುಮುಚ್ಚಿ ಅಲ್ಲ. ಇಳಿಜಾರಿನ ಮೇಲೆ, ನಡುವೆ, ಕೆಳಗೆ ಎಂದು ವಿಂಗಡಿಸಿ, ಮಣ್ಣಿನ ಬಗೆ, ಹಿಡುವಳಿಯ ಗಾತ್ರ ನೋಡಿ ಆರಿಸಿದರು. ಬಂದ ಫಲಿತಾಂಶ ಬಹಳ ಜನರ ಕಣ್ಣು ತೆರೆಸಿತು. ಅರ್ಧಕ್ಕಿಂತ ಹೆಚ್ಚು ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ಇತ್ತು. ಯೂರಿಯಾ, ಡಿಎಪಿಗಳಲ್ಲಿ ಈ ಮೂರೂ ಇಲ್ಲ. ಹೊಲಕ್ಕೆ ಎಷ್ಟು ಗೊಬ್ಬರ ಸುರಿದರೂ ಪೈರು ಏಳದಿದ್ದುದಕ್ಕೆ ಕಾರಣ ಅಲ್ಲಿತ್ತು. ಶಿಫಾರಸುಗಳನ್ನು ಊರಿನ ಗೋಡೆಗಳ ಮೇಲೆ ಬರೆಸಿದರು, ಊರಿನವರನ್ನೇ ಅನುವುಗಾರರನ್ನಾಗಿ ನೇಮಿಸಿ ಮನೆಮನೆಗೆ ಹೇಳಿಸಿದರು, ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾಕ್ಸ್‌ಗಳನ್ನು ಅರ್ಧ ಬೆಲೆಗೆ ಹತ್ತಿರದಲ್ಲೇ ಸಿಗುವಂತೆ ಮಾಡಿದರು. ರಾಗಿ, ಶೇಂಗಾ, ಮುಸುಕಿನ ಜೋಳ, ಸೋಯಾಬೀನ್ ಎಲ್ಲದರ ಇಳುವರಿಯೂ ಏರಿತು. ಆ ಮೂರು ವಸ್ತುಗಳ ಖರ್ಚು ಕಡಿಮೆ, ಫಲ ಅದೇ ವರ್ಷ. ಒಂದು ಎಚ್ಚರಿಕೆ ಹೇಳಲೇಬೇಕು. ಬೋರಾನ್ ಕೊರತೆಗೂ ಅತಿಗೂ ನಡುವಿನ ಅಂತರ ಬಹಳ ಕಿರಿದು, ಪರೀಕ್ಷೆಯಿಲ್ಲದೆ ಅಂದಾಜಿನಲ್ಲಿ ಹಾಕಬಾರದು.

ಉಳಿದದ್ದು ಸೀಮೆಗೆ ತಕ್ಕಂತೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಗದ್ದೆ ಇರುವವರು ಲವಣದ ಅಂಕಿ ಮತ್ತು ಪಿಎಚ್ ಎರಡನ್ನೂ ನೋಡಿ. ಪಿಎಚ್ 8.5 ದಾಟಿದ್ದರೆ ಜಿಪ್ಸಂ ಬೇಕಾಗಬಹುದು. ಆದರೆ ಮೊದಲು ನೀರು ಬಸಿದುಹೋಗುವ ದಾರಿ ಮಾಡಿಸಿ, ಇಲ್ಲದಿದ್ದರೆ ಹಾಕಿದ ಜಿಪ್ಸಂ ದಂಡ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರಿಗೆ ಚೌಳು ಭೂಮಿಯ ವಿಚಾರದಲ್ಲಿ ಬಹಳ ಅನುಭವ ಇದೆ. ಮಲೆನಾಡು, ಕರಾವಳಿಯ ತೋಟದವರಿಗೆ ಹುಳಿ ಮಣ್ಣೇ ಚಿಂತೆ, ಅಲ್ಲಿ ಸುಣ್ಣ. ಕೊಳೆರೋಗಕ್ಕೆ ವರ್ಷ ವರ್ಷ ಬೋರ್ಡೋ ದ್ರಾವಣ ಹೊಡೆಸಿದ ತೋಟಗಳಲ್ಲಿ ತಾಮ್ರ ಮಣ್ಣಿನಲ್ಲೇ ಉಳಿಯುತ್ತ ಹೋಗುತ್ತದೆ, ಆದ್ದರಿಂದ ತಾಮ್ರದ ಅಂಕಿ ಹೆಚ್ಚಾಗಿದೆಯೇ ಎಂದೂ ನೋಡಿ. ಕಬ್ಬಿನ ಹೊಲದವರಿಗೆ ಒಂದೇ ಮಾತು, ರವದಿ, ಅಂದರೆ ಕಬ್ಬಿನ ಒಣಗರಿ, ಸುಡಿಸಬೇಡಿ. ಪ್ರತಿ ನವೆಂಬರಿನಲ್ಲಿ ಪಂಜಾಬ್, ಹರಿಯಾಣದ ಭತ್ತದ ಕೂಳೆ ಸುಟ್ಟ ಹೊಗೆ ದೆಹಲಿಯ ಗಾಳಿಗೆ ಸೇರಿ ನಮ್ಮ ಮಕ್ಕಳ ಎದೆಗೆ ಹೋಗುತ್ತದೆ. ಆಗ ಕೋಪ ಬರುತ್ತದೆ, ಬರಬೇಕಾದ್ದೇ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 400 ಕಿಲೋ ಇಂಗಾಲ ಮತ್ತು ಐದೂವರೆ ಕಿಲೋ ಸಾರಜನಕ ಇರುತ್ತದೆ. ಸುಟ್ಟರೆ ಅದರ ಬಹುಪಾಲು ಆಕಾಶಕ್ಕೆ. ಮಂಡ್ಯದಲ್ಲೋ ಬೆಳಗಾವಿಯಲ್ಲೋ ನಮ್ಮದೇ ಹೊಲದ ತರಗಿಗೆ ಬೆಂಕಿ ಬೀಳುತ್ತಿದ್ದರೆ ಅದನ್ನು ನಿಲ್ಲಿಸುವುದು ಒಂದು ಫೋನಿನ ಕೆಲಸ, ರವದಿ ಪುಡಿಮಾಡಿಸುವ ಯಂತ್ರದ ಬಾಡಿಗೆಯನ್ನು ನೀವು ಕೊಡುವುದಾದರೆ.

ಎರಡು ಆಕ್ಷೇಪ ಬರುತ್ತವೆ. ‘ಐದು ವರ್ಷದ ಮಾತು ಕೊಟ್ಟರೆ ಕಾನೂನಿನ ತೊಡಕಲ್ಲವೇ?’ ಗೇಣಿಯ ಕಾಗದ ಮಾಡಿಕೊಳ್ಳಲು ಕಾನೂನು ಬಿಡುವುದಿಲ್ಲ, ಮಾಡಿ ಎಂದು ನಾನು ಹೇಳುವುದೂ ಇಲ್ಲ. ನೀತಿ ಆಯೋಗ 2016ರಲ್ಲಿ ಟಿ. ಹಕ್ ಅವರ ಅಧ್ಯಕ್ಷತೆಯ ಸಮಿತಿಯಿಂದ ಭೂ ಗುತ್ತಿಗೆಯ ಮಾದರಿ ಕಾಯ್ದೆ ಬರೆಸಿತು. ಒಡೆಯರ ಹಕ್ಕಿಗೂ ಹೊಲ ಮಾಡುವವರ ಭದ್ರತೆಗೂ ಧಕ್ಕೆ ಬಾರದ ದಾರಿ ಹುಡುಕುವ ಪ್ರಯತ್ನ ಅದು. ಕರ್ನಾಟಕದಲ್ಲೂ ಅಂಥದು ಬರಲೇಬೇಕು ಎಂದು ನಾನು ನಂಬುತ್ತೇನೆ. ಬರುವವರೆಗೆ ನಮ್ಮ ಕೈಲಿರುವುದು ಖರ್ಚು ಮತ್ತು ನಂಬಿಕೆ. ನೆಲಕ್ಕೆ ಹಾಕುವ ಗೊಬ್ಬರದ ಹಣ ನಿಮ್ಮದೇ ಆದಾಗ ಅರ್ಧ ಭಯ ಅಲ್ಲೇ ಕರಗುತ್ತದೆ. ಹೊಲ ಬಿಡಬೇಕಾಗಿ ಬಂದರೂ ಅವರು ಕಳೆದುಕೊಳ್ಳುವುದು ಕಡಿಮೆ, ನಿಮಗೂ ಅವರನ್ನು ಎರಡು ವರ್ಷಕ್ಕೆ ಬದಲಾಯಿಸುವ ಅವಸರ ಇರುವುದಿಲ್ಲ.

ಎರಡನೆಯದು, ‘ನಾಳೆ ಮಾರುವ ಹೊಲಕ್ಕೆ ಇಷ್ಟೆಲ್ಲ ಏಕೆ?’ ಮಾರುವುದು ನಿಮ್ಮ ಇಷ್ಟ. ನಾವಿರುವ ವಸಂತ್ ಕುಂಜ್ ಕೂಡ ಒಂದು ಕಾಲಕ್ಕೆ ಮಸೂದ್‌ಪುರ, ಕಿಶನ್‌ಗಢದಂಥ ಸುತ್ತಲ ಹಳ್ಳಿಗಳ ಜಮೀನೇ. ಅದರ ಮೇಲೆ ಈಗ ಫ್ಲ್ಯಾಟು, ಮಾಲು, ರಸ್ತೆ ನಿಂತಿವೆ. ಆ ಮಣ್ಣಿನಲ್ಲಿ ಇನ್ನು ಏನೂ ಬೆಳೆಯುವುದಿಲ್ಲ. ಆದರೆ ಇಲ್ಲೇ ಪಕ್ಕದಲ್ಲಿ ವಸಂತ್ ವಿಹಾರದ ಕಡೆ ಅರಾವಳಿ ಜೀವವೈವಿಧ್ಯ ಉದ್ಯಾನವೂ ಇದೆ. ಕಲ್ಲು, ಅಭ್ರಕ, ಗರಸು ಮಣ್ಣು ತೆಗೆದು ತೆಗೆದು ಹಾಳುಬಿದ್ದ ಗುಂಡಿಗಳ ನೆಲ ಅದು. ಡಿಡಿಎಯವರು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ಮಾರ್ಗದರ್ಶನದಲ್ಲಿ ಅರಾವಳಿಗೆ ಸೇರಿದ ಹುಲ್ಲು, ಪೊದೆ, ಮರಗಳನ್ನು ಮತ್ತೆ ಅಲ್ಲಿ ನೆಲೆಗೊಳಿಸಿದ್ದಾರೆ. ಹೋಗಿ ಎಲೆ ಕೊಳೆತ ನೆಲವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಹತ್ತಿಪ್ಪತ್ತು ವರ್ಷದ ಆರೈಕೆ ಗಣಿಯ ಗುಂಡಿಗೆ ಇಷ್ಟು ಮಾಡಿದೆ. ನಮ್ಮ ಹೊಲಗಳು ಅಷ್ಟೇನೂ ಕೆಟ್ಟಿಲ್ಲ. ಮಾರುವವರೆಗಿನ ವರ್ಷಗಳಲ್ಲಿ ಅದನ್ನು ಉತ್ತು ಬದುಕುವ ಒಂದು ಮನೆ ಇದೆ, ಮಾರಿದ ಮೇಲೂ ಯಾರೋ ಅದರಲ್ಲಿ ಬೆಳೆಯಬೇಕು.

ಫಲಿತಾಂಶ ಬಂದವರು ಅದನ್ನು ಓದುವುದರಲ್ಲಿ ಅನುಮಾನವಿದ್ದರೆ ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಬರುವಾಗ ಕಾಗದ ಕೈಲಿ ಹಿಡಿದು ಬನ್ನಿ. ನಮ್ಮ ನಡುವೆ ಕೃಷಿ ಓದಿದವರು, ಪೂಸಾದಲ್ಲಿ ದುಡಿದವರು ಇದ್ದಾರೆ, ಕೂತು ನೋಡೋಣ. ಅದಕ್ಕೂ ಮೊದಲು ಆ ಕಾಗದದ ಫೋಟೋ ತೆಗೆದು ಹೊಲ ಮಾಡುವವರ ಮೊಬೈಲಿಗೆ ಕಳಿಸಿ, ಫೋನ್ ಮಾಡಿ ಒಂದೊಂದೇ ಸಾಲು ಓದಿ ಹೇಳಿ. ಮುಂಗಾರಿಗೆ ಮುಂಚೆ ಆ ಅಂಕಿಗಳು ಬೇಕಾದದ್ದು ಅವರಿಗೆ.

ಇಂತಿ,
ವಸಂತ್ ಕುಂಜ್‌ನಲ್ಲಿ ನೆಲೆಸಿರುವ, ಊರಲ್ಲಿ ಹೊಲವಿರುವ ನಿಮ್ಮವನೊಬ್ಬ